ರಾತ್ರಿ ಪಾಳಿಯಲ್ಲಿ ಯಾರಿದ್ದಾರೆ? ಆರೋಗ್ಯ ಸಚಿವರಿಗೆ ಯಾದಗಿರಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಯಾದಗಿರಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಬ್ಬಂದಿಯ ಕೊರತೆ ಮತ್ತು ತಪ್ಪು ಹಂಚಿಕೆಯಿಂದ ಹೆರಿಗೆ ಹಾಗೂ ತುರ್ತು ಚಿಕಿತ್ಸೆಗೆ ಆಗುತ್ತಿರುವ ತೊಂದರೆ ಕುರಿತು.

ಮಾನ್ಯರೇ,

ನಾನು ಆರೋಗ್ಯ ಇಲಾಖೆಯಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಕೆಲಸಕ್ಕೆ ಸೇರಿ, ಹಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ನಿವೃತ್ತಿ ಹೊಂದಿದವಳು. ಸೇವೆಯ ಬಹುಪಾಲು ಕಳೆದದ್ದು ಸುರಪುರ, ಶಹಾಪುರ ಭಾಗದ ಉಪಕೇಂದ್ರಗಳಲ್ಲಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೆರಿಗೆ ಕೋಣೆಗಳಲ್ಲಿ. ಇಲ್ಲಿ ಬರೆದಿರುವುದನ್ನು ಸೇವೆಯಲ್ಲಿದ್ದಾಗಲೂ ಮಾಸಿಕ ಸಭೆಗಳಲ್ಲಿ ಹೇಳಿದ್ದೇನೆ, ಮನವಿಗಳಲ್ಲಿ ಬರೆದುಕೊಟ್ಟಿದ್ದೇನೆ. ಈಗ ನೌಕರಿಯ ಹಂಗಿಲ್ಲ. ಆದ್ದರಿಂದ ಎಲ್ಲರೂ ಓದುವಂತೆ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ನಮ್ಮ ಭಾಗದ ಯಾವುದಾದರೂ ಆಸ್ಪತ್ರೆಯಲ್ಲಿ ತಾಯಿಯೋ ಮಗುವೋ ತೀರಿಕೊಂಡ ಸುದ್ದಿ ಬಂದಾಗ ಸದನದಲ್ಲಿ ಪ್ರಶ್ನೆ ಏಳುತ್ತದೆ. ಉತ್ತರವಾಗಿ ಮೂರು ಕಾಲಂಗಳ ಒಂದು ಪಟ್ಟಿ ಬರುತ್ತದೆ: ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ. ಖಾಲಿ ಇರುವುದನ್ನು ಶೀಘ್ರದಲ್ಲೇ ತುಂಬಲಾಗುವುದು ಎಂಬ ಭರವಸೆಯೊಂದಿಗೆ ಚರ್ಚೆ ಮುಗಿಯುತ್ತದೆ. ಆ ಪಟ್ಟಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಟಂಟಂನಲ್ಲಿ ಗರ್ಭಿಣಿಯನ್ನು ಮಲಗಿಸಿಕೊಂಡು ಬಂದ ಮನೆಯವರಿಗೆ ಆ ಮೂರು ಕಾಲಂಗಳಿಂದ ಏನೂ ತಿಳಿಯುವುದಿಲ್ಲ. ಅವರಿಗೆ ಬೇಕಾದದ್ದು ಒಂದೇ ಮಾಹಿತಿ: ಈ ಹೊತ್ತಿನಲ್ಲಿ ಒಳಗೆ ಯಾರಿದ್ದಾರೆ, ಅವರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ. ಇಲಾಖೆಯ ಯಾವ ವರದಿಯಲ್ಲೂ ಈ ಕಾಲಂ ಇಲ್ಲ. ನನ್ನ ದೂರಿನ ತಿರುಳು ಇದೇ.

ಮೊದಲು ಶುಶ್ರೂಷಕಿಯರ ಲೆಕ್ಕ ನೋಡಿ. ದಿನದ 24 ಗಂಟೆಯೂ ಹೆರಿಗೆ ಮಾಡಿಸಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸಾಮಾನ್ಯವಾಗಿ ಮೂವರು ಸ್ಟಾಫ್ ನರ್ಸ್‌ಗಳು. 2012ರ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡದಲ್ಲೂ ತಿಂಗಳಿಗೆ 20ಕ್ಕಿಂತ ಕಡಿಮೆ ಹೆರಿಗೆಯಾಗುವ ಕಡೆ ಮೂವರು, ಅದಕ್ಕಿಂತ ಹೆಚ್ಚಿದ್ದರೆ ನಾಲ್ವರು ಎಂದೇ ಇತ್ತು. ವಾರಕ್ಕೆ 168 ಗಂಟೆ. ಒಬ್ಬೊಬ್ಬರೂ ವಾರಕ್ಕೆ 48 ಗಂಟೆ ದುಡಿದರೆ ಮೂವರಿಂದ 144 ಗಂಟೆ. ಮೂರೂ ಹುದ್ದೆ ತುಂಬಿವೆ, ಯಾರೂ ರಜೆ ಹಾಕಿಲ್ಲ, ಯಾರಿಗೂ ಜ್ವರ ಬಂದಿಲ್ಲ, ಯಾರನ್ನೂ ತರಬೇತಿಗೆ ಕರೆದಿಲ್ಲ ಎಂದಿಟ್ಟುಕೊಂಡರೂ ವಾರದಲ್ಲಿ 24 ಗಂಟೆಗೆ ಆಳಿಲ್ಲ. ಹೆರಿಗೆ ಕೋಣೆಯಲ್ಲಿ ಒಬ್ಬರೇ ಒಬ್ಬರು ಹಗಲಿರುಳೂ ಇರಬೇಕೆಂದರೆ ರಜೆ, ಕಾಯಿಲೆ ಎಲ್ಲ ಹಿಡಿದು ಸುಮಾರು ಐವರು ಬೇಕು. ಹಾಗಾದರೆ ನೂರಕ್ಕೆ ನೂರು ಹುದ್ದೆ ಭರ್ತಿ ಎಂದು ವರದಿಯಾದ ಕೇಂದ್ರದಲ್ಲೂ ಸೇವೆ ಅರೆಬರೆಯಾಗಿಯೇ ಇರುತ್ತದೆ. ಮೂವರಲ್ಲಿ ಒಬ್ಬರು ಹೆರಿಗೆ ರಜೆಗೆ ಹೋದರೆ ಉಳಿದಿಬ್ಬರು ಹನ್ನೆರಡು ಗಂಟೆಯ ಪಾಳಿ ಮಾಡುತ್ತಾರೆ. ಅವರಲ್ಲೊಬ್ಬರನ್ನು ತಾಲೂಕು ಆಸ್ಪತ್ರೆಗೆ ನಿಯೋಜಿಸಿದರೆ ರಾತ್ರಿ ಕೇಂದ್ರದಲ್ಲಿ ಉಳಿಯುವುದು ಡಿ ದರ್ಜೆ ನೌಕರ ಮತ್ತು ಒಂದು ಫೋನ್ ನಂಬರು.

ಒಬ್ಬಳೇ ಶುಶ್ರೂಷಕಿ ಇರುವ ರಾತ್ರಿ ಹೇಗಿರುತ್ತದೆ ಎಂಬುದನ್ನು ತಾವು ಕಂಡಿರಲಿಕ್ಕಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಮೇಜಿನ ಮೇಲೆ ಹೆರಿಗೆಯ ಕೊನೆಯ ಹಂತದಲ್ಲಿರುವ ಹುಡುಗಿ, ಚೊಚ್ಚಲು. ಪಕ್ಕದ ಮಂಚದಲ್ಲಿ ಅರ್ಧ ಗಂಟೆಯ ಹಿಂದೆ ಹೆತ್ತವಳು. ಹೆತ್ತ ಮೇಲೆ ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ನಾಡಿ ಮತ್ತು ರಕ್ತದೊತ್ತಡ ನೋಡಬೇಕು, ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ನೋಡಬೇಕು, ಬಟ್ಟೆ ಸರಿಸಿ ರಕ್ತ ಎಷ್ಟು ಹೋಗಿದೆ ಎಂದು ನೋಡಬೇಕು. ಹೆರಿಗೆಯ ನಂತರದ ರಕ್ತಸ್ರಾವ ಸದ್ದು ಮಾಡಿ ಬರುವುದಿಲ್ಲ. ತಾಯಿ ನಿದ್ದೆ ಹೋದಂತೆ ಕಾಣುತ್ತಾಳೆ, ಕೆಳಗೆ ಹಾಸಿದ ಬಟ್ಟೆ ತೊಯ್ಯುತ್ತಿರುತ್ತದೆ. ಇತ್ತ ಹೆರಿಗೆಯಾಗುತ್ತಿರುವವಳ ಮಗುವಿನ ಎದೆಬಡಿತವನ್ನೂ ಗಳಿಗೆಗೊಮ್ಮೆ ಕೇಳಬೇಕು. ಮಗು ಹುಟ್ಟಿ ಅಳದಿದ್ದರೆ ಮೊದಲ ಒಂದು ನಿಮಿಷದೊಳಗೆ ಅದಕ್ಕೆ ಉಸಿರು ಕೊಡಬೇಕು, ಅದೇ ನಿಮಿಷದಲ್ಲಿ ತಾಯಿಗೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಬೇಕು. ಎರಡು ಕೈಗಳಿಂದ ಇಷ್ಟು ಆಗುವುದಿಲ್ಲ. ಯಾವುದೋ ಒಂದನ್ನು ಬಿಡಲೇಬೇಕು, ಯಾವುದನ್ನು ಬಿಡಬೇಕೆಂದು ಅವಳೇ ತೀರ್ಮಾನಿಸಬೇಕು.

ಬೆಳಿಗ್ಗೆ ಪರಿಶೀಲನೆಗೆ ಬಂದವರು ಪಾರ್ಟೋಗ್ರಾಫ್ ತೆರೆದು ನೋಡುತ್ತಾರೆ. ಹೆರಿಗೆ ಮುಂದುವರಿಯುವುದನ್ನು ಗಂಟೆಗಂಟೆಗೆ ಗುರುತಿಸುವ ಹಾಳೆ ಅದು. ಮಗುವಿನ ಎದೆಬಡಿತ ಅರ್ಧ ಗಂಟೆಗೊಮ್ಮೆ, ಗರ್ಭಕೋಶದ ಬಾಯಿ ತೆರೆದ ಅಳತೆ ನಾಲ್ಕು ಗಂಟೆಗೊಮ್ಮೆ ಅದರಲ್ಲಿ ಏರಬೇಕು. ಹಲವು ಕೇಂದ್ರಗಳಲ್ಲಿ ಆ ಹಾಳೆಯ ಚುಕ್ಕಿಗಳೆಲ್ಲ ಒಂದೇ ಪೆನ್ನಿನವು, ಒಂದೇ ಒತ್ತಿನವು, ಗೆರೆ ಪಠ್ಯಪುಸ್ತಕದಲ್ಲಿ ಇದ್ದಷ್ಟು ನೇರ. ಹೆರಿಗೆಯಾದ ಮೇಲೆ ಕುಳಿತು ತುಂಬಿದ್ದು ಎಂದು ಹೆರಿಗೆ ಮಾಡಿಸಿ ಗೊತ್ತಿದ್ದ ಯಾರಿಗಾದರೂ ಕಂಡೊಡನೆ ತಿಳಿಯುತ್ತದೆ. ಅದನ್ನು ನೋಡಿ ಶುಶ್ರೂಷಕಿಗೆ ನೋಟಿಸ್ ಕೊಡುವ ಅಧಿಕಾರಿಗಳಿದ್ದಾರೆ. ಆ ರಾತ್ರಿ ಅವಳ ಜೊತೆ ಇನ್ನೊಬ್ಬರನ್ನು ಏಕೆ ಇರಿಸಿರಲಿಲ್ಲ ಎಂದು ಕೇಳುವ ನೋಟಿಸನ್ನು ನಾನು ಕಂಡಿಲ್ಲ.

ಇದು ನನ್ನೊಬ್ಬಳ ಸಂಕಟದ ಮಾತಲ್ಲ. ಶುಶ್ರೂಷಾ ಸಂಶೋಧಕಿ ಲಿಂಡಾ ಏಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಶುಶ್ರೂಷಾ ಲೋಕಕ್ಕೆಲ್ಲ ಗೊತ್ತಿರುವಂಥದ್ದು: ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ದಾಖಲಾದ ಮೂವತ್ತು ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ ಆಸ್ಪತ್ರೆಗಳಲ್ಲಿ ನೋಡಿದಾಗಲೂ ಅದೇ ಶೇ 7 ಬಂತು. ಆ ಅಧ್ಯಯನ ಇನ್ನೊಂದನ್ನೂ ಹೇಳಿತು: ಪದವಿ ಮಟ್ಟದ ತರಬೇತಿ ಪಡೆದ ಶುಶ್ರೂಷಕಿಯರ ಪಾಲು ಶೇ 10ರಷ್ಟು ಹೆಚ್ಚಿದ್ದ ಕಡೆ ಸಾವಿನ ಸಂಭವ ಶೇ 7ರಷ್ಟು ಕಡಿಮೆ. ತಲೆ ಎಷ್ಟಿವೆ ಎಂಬುದರ ಜೊತೆಗೆ ಆ ತಲೆಗಳಿಗೆ ಏನು ಕಲಿಸಿದ್ದೇವೆ ಎಂಬುದೂ ಸಾವು ಬದುಕನ್ನು ತೀರ್ಮಾನಿಸುತ್ತದೆ. ನಮ್ಮದೇ ಭಾರತೀಯ ಶುಶ್ರೂಷಾ ಪರಿಷತ್ತು ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಇತರ ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಇರಬೇಕೆಂದು ಹೇಳಿದೆ. ನಮ್ಮ ಭಾಗದ ಯಾವ ತಾಲೂಕು ಆಸ್ಪತ್ರೆಯ ವಾರ್ಡಿಗಾದರೂ ತಾವು ರಾತ್ರಿ ಹನ್ನೊಂದರ ಮೇಲೆ, ಮುನ್ಸೂಚನೆ ಕೊಡದೆ ಬನ್ನಿ. ಹಾಸಿಗೆಗಳನ್ನು ಎಣಿಸಿ, ಬಿಳಿ ಉಡುಪಿನವರನ್ನು ಎಣಿಸಿ.

ಇನ್ನು ತಜ್ಞ ವೈದ್ಯರ ವಿಚಾರ. ಇಲ್ಲಿ ಕೊರತೆಗಿಂತ ಹಂಚಿಕೆಯೇ ಹೆಚ್ಚು ಪ್ರಾಣ ತೆಗೆಯುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಿಸೇರಿಯನ್ ಹೆರಿಗೆಗೆ ಪ್ರಸೂತಿ ತಜ್ಞರು ಬೇಕು, ಅರಿವಳಿಕೆ ತಜ್ಞರು ಬೇಕು, ಮಗುವನ್ನು ನೋಡಿಕೊಳ್ಳಲು ಮಕ್ಕಳ ತಜ್ಞರು ಬೇಕು, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಪಳಗಿದ ಶುಶ್ರೂಷಕಿ ಬೇಕು, ರಕ್ತ ಶೇಖರಣಾ ಘಟಕವನ್ನು ನೋಡಿಕೊಳ್ಳುವ ಪ್ರಯೋಗಾಲಯ ತಂತ್ರಜ್ಞರು ಬೇಕು. ಇವರಲ್ಲಿ ಒಬ್ಬರಿಲ್ಲದಿದ್ದರೂ ಉಳಿದವರ ಕೈ ಕಟ್ಟಿದಂತೆ. ಆದರೂ ಒಂದು ಆಸ್ಪತ್ರೆಗೆ ಪ್ರಸೂತಿ ತಜ್ಞರನ್ನು ಕೊಟ್ಟು, ಅರಿವಳಿಕೆ ತಜ್ಞರನ್ನು ಮೂವತ್ತು ಕಿಲೋಮೀಟರ್ ಆಚೆಯ ಇನ್ನೊಂದಕ್ಕೆ ಕೊಡುತ್ತೇವೆ. ಒಂಟಿ ಎತ್ತು ಕಟ್ಟಿ ಬಿತ್ತನೆಗೆ ಹೊರಟ ಹಾಗೆ ಇದು. ವರದಿಯಲ್ಲಿ ಎರಡೂ ಕಡೆ ತಜ್ಞರ ಹುದ್ದೆ ಭರ್ತಿ, ಎರಡೂ ಕಡೆ ರಾತ್ರಿ ಶಸ್ತ್ರಚಿಕಿತ್ಸೆ ಇಲ್ಲ.

ಇದರ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ವ್ಯಾಪ್ತಿಯ ತಾಂಡಾವೊಂದರ ಗರ್ಭಿಣಿಗೆ ಹೆರಿಗೆ ಮುಂದುವರಿಯಲಿಲ್ಲ, ಮಗುವಿನ ಎದೆಬಡಿತ ಕುಸಿಯತೊಡಗಿತು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ 108ರಲ್ಲಿ ಕರೆದುಕೊಂಡು ಹೊರಟೆವು. ಮೊದಲ ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞೆ ಇದ್ದರು, ಎದ್ದು ಬಂದು ಪರೀಕ್ಷೆ ಮಾಡಿದರು, ಶಸ್ತ್ರಚಿಕಿತ್ಸೆ ಕೂಡಲೇ ಆಗಬೇಕು ಎಂದರು. ತಾಯಿ ಕಾರ್ಡಿನ ಮೇಲೆ ‘ಅರಿವಳಿಕೆ ತಜ್ಞರು ಲಭ್ಯವಿಲ್ಲ’ ಎಂದು ಬರೆದು ಸಹಿ ಮಾಡುವಾಗ ಆ ವೈದ್ಯೆಯ ಕಣ್ಣಲ್ಲಿ ನೀರಿತ್ತು. ಎರಡನೆಯ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರಿದ್ದರು, ಶಸ್ತ್ರಚಿಕಿತ್ಸೆ ಮಾಡುವವರು ರಜೆಯಲ್ಲಿದ್ದರು. ಅಲ್ಲಿಂದ ಕಲಬುರಗಿ. ತಾಯಿ ಉಳಿದಳು. ಮಗು ಹುಟ್ಟುವಾಗಲೇ ಉಸಿರಿರಲಿಲ್ಲ. ಆಸ್ಪತ್ರೆಗಳ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ಆ ರಾತ್ರಿ ಅಲ್ಲಿದ್ದ ಯಾರೂ ಕೆಲಸಗಳ್ಳರಾಗಿರಲಿಲ್ಲ. ಎರಡು ಆಸ್ಪತ್ರೆಗಳ ಸಿಬ್ಬಂದಿ ಒಂದೇ ಸೂರಿನಡಿ ಇದ್ದಿದ್ದರೆ ಮಗು ಬದುಕುವ ಅವಕಾಶವಿತ್ತು ಎಂದಷ್ಟೇ ಹೇಳುತ್ತೇನೆ.

ಹುಣಸಗಿ ತಾಲೂಕಿನ ಕೃಷ್ಣಾ ತೀರದ ಹಳ್ಳಿಗಳಿಂದ ಕಲಬುರಗಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಗುರುಮಠಕಲ್ ಕಡೆಯವರು ತೆಲಂಗಾಣದ ನಾರಾಯಣಪೇಟೆ, ಮಹಬೂಬನಗರಗಳ ಹಾದಿ ಹಿಡಿಯುತ್ತಾರೆ. ಇನ್ನು ಕೆಲವರು ರಾಯಚೂರಿಗೆ ಓಡುತ್ತಾರೆ. ತುಂಬು ಗರ್ಭಿಣಿಯೊಬ್ಬರು ಹೆರಿಗೆಗೆಂದು ಪ್ರವಾಹದ ಕೃಷ್ಣೆಯನ್ನು ಈಜಿ ದಡ ಸೇರಿದ ಸುದ್ದಿಯನ್ನು ಹಿಂದೊಮ್ಮೆ ರಾಜ್ಯವೆಲ್ಲ ಓದಿತ್ತು, ಆಕೆಯ ಧೈರ್ಯವನ್ನು ಎಲ್ಲರೂ ಹೊಗಳಿದರು. ಹಾಗೆ ದಾಟಿ ಬಂದವರಿಗಾಗಿ ಈ ದಡದಲ್ಲಿ ಯಾರನ್ನು ಕಾಯಿಸಿ ನಿಲ್ಲಿಸಿದ್ದೇವೆ ಎಂಬುದು ನಮ್ಮ ಕಾಳಜಿಯಾಗಬೇಕಿತ್ತು.

ತಜ್ಞರ ಕೊರತೆ ದೇಶಕ್ಕೆಲ್ಲ ಇದೆ ಎಂದು ತಾವು ಹೇಳಬಹುದು. ನಿಜ. ಕೇಂದ್ರ ಸರ್ಕಾರದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞರಲ್ಲಿ ಐದರಲ್ಲಿ ನಾಲ್ಕು ಪಾಲು ಇರಲಿಲ್ಲ. ಇರುವುದೇ ಒಂದು ಪಾಲು ಎಂದಮೇಲೆ ಅದನ್ನು ಊರಿಗೊಬ್ಬರಂತೆ ಚೆಲ್ಲುವುದು ಯಾವ ನ್ಯಾಯ? ತಾಲೂಕಿಗೊಂದು ಆಸ್ಪತ್ರೆಯಲ್ಲಿ ಇಬ್ಬರು ಪ್ರಸೂತಿ ತಜ್ಞರು, ಇಬ್ಬರು ಅರಿವಳಿಕೆ ತಜ್ಞರು, ಇಬ್ಬರು ಮಕ್ಕಳ ತಜ್ಞರನ್ನು ಒಟ್ಟಿಗೆ ಕೂರಿಸಿದರೆ ಅವರು ಪಾಳಿ ಹಂಚಿಕೊಂಡು ರಾತ್ರಿಯನ್ನೂ ನೋಡಿಕೊಳ್ಳುತ್ತಾರೆ, ಒಬ್ಬರು ರಜೆ ಹಾಕಿದರೂ ಸೇವೆ ನಿಲ್ಲುವುದಿಲ್ಲ. ಒಬ್ಬರೇ ತಜ್ಞರನ್ನು ವರ್ಷದ 365 ದಿನವೂ ಕರೆಗೆ ಓಗೊಡುವಂತೆ ಇರಿಸಿದರೆ ಅವರು ಒಂದೋ ಕಾಯಿಲೆ ಬೀಳುತ್ತಾರೆ, ಇಲ್ಲವೇ ರಾಜೀನಾಮೆ ಕೊಡುತ್ತಾರೆ. ಒಟ್ಟುಗೂಡಿಸಿದಾಗ ತಮ್ಮ ಊರಿನ ಕೇಂದ್ರದಿಂದ ತಜ್ಞರನ್ನು ಕಿತ್ತುಕೊಂಡರು ಎಂದು ಸ್ಥಳೀಯರು ಧರಣಿ ಕೂರುತ್ತಾರೆ, ಶಾಸಕರು ಫೋನ್ ಮಾಡುತ್ತಾರೆ. ಆಗ ತಾವು ಗಟ್ಟಿಯಾಗಿ ನಿಲ್ಲಬೇಕು. ಹೆಸರಿಗಿರುವ ತಜ್ಞರಿಗಿಂತ ಅರ್ಧ ಗಂಟೆ ದೂರದಲ್ಲಿ ಕೆಲಸ ಮಾಡುವ ತಂಡ ಮೇಲು ಎಂದು ಜನರ ಮುಂದೆ ಬಂದು ವಿವರಿಸಿದರೆ ನಮ್ಮ ಜನ ಕೇಳುತ್ತಾರೆ. ಅರಿವಳಿಕೆ ತಜ್ಞರೇ ಸಿಗದ ಕಡೆ ಎಂಬಿಬಿಎಸ್ ವೈದ್ಯರಿಗೆ ಜೀವರಕ್ಷಕ ಅರಿವಳಿಕೆ ತರಬೇತಿ ಕೊಡುವ ಯೋಜನೆ ದೇಶದಲ್ಲಿ ಎಂದಿನಿಂದಲೋ ಇದೆ. ಹಾಗೆ ತರಬೇತಿ ಪಡೆದವರನ್ನು ಕೂಡ ಪ್ರಸೂತಿ ತಜ್ಞರಿಲ್ಲದ ಕೇಂದ್ರಕ್ಕೋ ಆಡಳಿತದ ಹುದ್ದೆಗೋ ವರ್ಗ ಮಾಡಿ ಆ ಕಲಿಕೆಯನ್ನು ವ್ಯರ್ಥ ಮಾಡಬಾರದು.

ಈಗ ನಿಯೋಜನೆಯ ಪಿಡುಗು. ಹಳ್ಳಿಯ ಕೇಂದ್ರದಲ್ಲಿ ಹುದ್ದೆ, ಅಲ್ಲಿಂದಲೇ ವೇತನ, ಕೆಲಸ ಮಾತ್ರ ಪಟ್ಟಣದಲ್ಲಿ. ಫಾರ್ಮಸಿಸ್ಟ್ ನಿಯೋಜನೆ ಮೇಲೆ ಹೋದ ಕಡೆ ಮಾತ್ರೆ ಎಣಿಸಿ ಕೊಡುವುದು ಶುಶ್ರೂಷಕಿಯ ಪಾಲು. ಲ್ಯಾಬ್ ತಂತ್ರಜ್ಞರು ಹೋದ ಕಡೆ ರಕ್ತ ಪರೀಕ್ಷೆಯ ಯಂತ್ರದ ಮೇಲೆ ಪ್ಲಾಸ್ಟಿಕ್ ಹೊದಿಕೆ. ಹುದ್ದೆ ಖಾಲಿ ಎಂದು ಎಲ್ಲಿಯೂ ದಾಖಲಾಗುವುದಿಲ್ಲವಾದ್ದರಿಂದ ಅಲ್ಲಿಗೆ ಬೇರೆಯವರು ಬರುವಂತೆಯೂ ಇಲ್ಲ. ಖಾಲಿ ಹುದ್ದೆಗಾದರೂ ಒಂದು ದಿನ ಭರ್ತಿಯಾಗುವ ಆಸೆ ಇರುತ್ತದೆ, ನಿಯೋಜನೆಯ ಹುದ್ದೆಗೆ ಅದೂ ಇಲ್ಲ. ಪಟ್ಟಣದಲ್ಲಿ ಸಿಬ್ಬಂದಿ ನಿಜಕ್ಕೂ ಬೇಕಿದ್ದರೆ ಅಲ್ಲಿಗೆ ಹುದ್ದೆ ಮಂಜೂರು ಮಾಡಿ. ಹಳ್ಳಿಯ ಹೆಸರಿನಲ್ಲಿ ಪಟ್ಟಣವನ್ನು ನಡೆಸಬೇಡಿ.

ಹೊರರೋಗಿ ವಿಭಾಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 67 ದೇಶಗಳ ಮಾಹಿತಿ ಒಟ್ಟು ಮಾಡಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾರತದ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸುಮಾರು ಎರಡು ನಿಮಿಷ ಎಂದಿತ್ತು, ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಹೆಚ್ಚು. ಎರಡು ನಿಮಿಷದಲ್ಲಿ ಕ್ಷಯದ ಕೆಮ್ಮು ಬೇರೆ, ಧೂಳಿನ ಕೆಮ್ಮು ಬೇರೆ ಎಂದು ಕಂಡುಹಿಡಿಯುವುದು ಹೇಗೆ? ಚುಚ್ಚುಮದ್ದು ಹಾಕಿಸಿಕೊಂಡು ಬಂದ ತೃಪ್ತಿಯಲ್ಲಿ ರೋಗಿ ಮನೆಗೆ ಹೋಗುತ್ತಾನೆ, ರೋಗವೂ ಅವನ ಜೊತೆಗೇ ಹೋಗುತ್ತದೆ. 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆಗೆ ಯೋಜನೆ ರೂಪಿಸಿದ ಭೋರ್ ಸಮಿತಿ ತನ್ನ ಅಲ್ಪಾವಧಿ ಯೋಜನೆಯಲ್ಲೇ 40,000 ಜನರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಬ್ಬರು ವೈದ್ಯರು ಬೇಕೆಂದಿತ್ತು. ಇಂದಿಗೂ ನಮ್ಮ ಎಷ್ಟೋ ಕೇಂದ್ರಗಳಲ್ಲಿ ಒಬ್ಬರೇ ವೈದ್ಯಾಧಿಕಾರಿ, ಅವರಿಗೂ ಪಕ್ಕದ ಕೇಂದ್ರದ ಹೆಚ್ಚುವರಿ ಪ್ರಭಾರ.

ತಳಹಂತದವರ ಮಾತು ಬಂದಾಗ ನನಗೆ ಸಿಟ್ಟು ತಡೆಯುವುದು ಕಷ್ಟ. ಐದು ಸಾವಿರ ಜನಸಂಖ್ಯೆಗೆ ಒಂದು ಉಪಕೇಂದ್ರ, ಸಾವಿರ ಜನಕ್ಕೆ ಒಬ್ಬ ಆಶಾ ಎಂಬುದು ನಿಯಮ. ಯಾವ ಜನಸಂಖ್ಯೆ? 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ. ಅದಾದ ಮೇಲಿನ ಜನಗಣತಿಯ ಲೆಕ್ಕ ಇನ್ನೂ ಬಂದಿಲ್ಲ. ಆಗ ಹುಟ್ಟಿದ ಮಕ್ಕಳು ಈಗ ಪ್ರೌಢಶಾಲೆ ದಾಟುತ್ತಿದ್ದಾರೆ. ಇನ್ನೊಂದು ಕಡೆ ನಮ್ಮದು ಗುಳೆ ಹೋಗುವ ಜಿಲ್ಲೆ. ಬೆಂಗಳೂರು, ಮುಂಬೈ, ಪುಣೆಗಳಲ್ಲಿ ಕಟ್ಟಡ ಕೆಲಸಕ್ಕೆ ಹೋದ ಹೆಣ್ಣುಮಗಳು ಎಂಟನೇ ತಿಂಗಳಲ್ಲಿ ತವರಿಗೆ ಬರುತ್ತಾಳೆ. ಕಾರ್ಡಿಲ್ಲ, ಸ್ಕ್ಯಾನ್ ಇಲ್ಲ, ಹಿಮೋಗ್ಲೋಬಿನ್ ಎಷ್ಟೆಂದು ಗೊತ್ತಿಲ್ಲ. ಅಂಥವಳನ್ನು ಹುಡುಕಿ, ಮನವೊಲಿಸಿ, ತಪಾಸಣೆಗೆ ಕರೆತರುವವಳು ಆಶಾ. ಲಂಬಾಣಿ ಮಾತನಾಡುವ ತಾಂಡಾದಲ್ಲಿ, ಉರ್ದು ಮಾತನಾಡುವ ಓಣಿಯಲ್ಲಿ ಅವಳೇ ಇಲಾಖೆಯ ನಾಲಿಗೆ. 2011ರಲ್ಲಿ ರಾಜ್ಯದಲ್ಲೇ ಅತಿ ಕಡಿಮೆ, ಶೇ 52ರಷ್ಟು ಸಾಕ್ಷರತೆ ಇದ್ದ ಜಿಲ್ಲೆಯಲ್ಲಿ ಮಾತ್ರೆಯ ಚೀಟಿಯನ್ನು ಓದಿ ಹೇಳುವವಳೂ ಅವಳೇ. ಆ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಹಗಲಿರುಳು ಕುಳಿತರು. ಅವರನ್ನು ಇಂದಿಗೂ ಸ್ವಯಂಸೇವಕಿಯರೆಂದೇ ಲೆಕ್ಕ ಹಿಡಿಯುತ್ತೇವೆ. ಅವರ ಮೇಲೆ ಹೊರಿಸಿದ ಕೆಲಸಗಳ ಪಟ್ಟಿ ಮಾತ್ರ ವರ್ಷ ವರ್ಷವೂ ಬೆಳೆಯುತ್ತಿದೆ.

ಉಪಕೇಂದ್ರದ ಸಹಾಯಕಿಯರ ಪಾಡೂ ಇದೇ. ಗುರುವಾರ ಲಸಿಕೆ, ಉಳಿದ ದಿನ ಮನೆ ಭೇಟಿ, ಸಮೀಕ್ಷೆ, ಸಭೆ. ಒಂದೇ ಗರ್ಭಿಣಿಯ ವಿವರವನ್ನು ರಿಜಿಸ್ಟರಿನಲ್ಲಿ ಬರೆದು, ಪೋರ್ಟಲ್‌ನಲ್ಲಿ ತುಂಬಿ, ಮತ್ತೆ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಕಳಿಸಬೇಕು. ದಾಖಲೆಗೆ ಹೋಗುವ ಗಂಟೆಗಳೆಲ್ಲ ಗರ್ಭಿಣಿಯ ಹೊಟ್ಟೆ ಮುಟ್ಟಿ ನೋಡುವ ಗಂಟೆಗಳಿಂದಲೇ ಕಡಿತವಾಗುತ್ತವೆ.

ಇದರ ಬೆಲೆ ಎಷ್ಟು ಎಂಬುದಕ್ಕೆ ದಕ್ಷಿಣದ ರಾಜ್ಯಗಳನ್ನೇ ಹೋಲಿಸಿ ನೋಡಬಹುದು. 2018-20ರ ಮಾದರಿ ನೋಂದಣಿ ವರದಿಯಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಕೇರಳದಲ್ಲಿ 19 ತಾಯಂದಿರು, ತಮಿಳುನಾಡಿನಲ್ಲಿ 54, ಕರ್ನಾಟಕದಲ್ಲಿ 69 ತಾಯಂದಿರು ಸಾಯುತ್ತಿದ್ದರು. ಈ 69 ಇಡೀ ರಾಜ್ಯದ ಸರಾಸರಿ. ಅದರಲ್ಲಿ ಬೆಂಗಳೂರೂ ಇದೆ, ಮಂಗಳೂರೂ ಇದೆ. ತಮಿಳುನಾಡು ಸಾರ್ವಜನಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ನಿರ್ದೇಶನಾಲಯ ಮತ್ತು ವೃಂದವನ್ನು ಹಿಂದಿನಿಂದಲೂ ಉಳಿಸಿಕೊಂಡಿದೆ. 2012ರಲ್ಲಿ ವೈದ್ಯಕೀಯ ಸಿಬ್ಬಂದಿಯ ನೇಮಕಾತಿಗಾಗಿಯೇ ಬೇರೆ ಮಂಡಳಿ ಮಾಡಿಕೊಂಡಿತು. ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ಮೀಸಲು ಕೊಟ್ಟು, ಅವರು ತಜ್ಞರಾಗಿ ಸರ್ಕಾರಿ ಸೇವೆಗೇ ಮರಳುವಂತೆ ಮಾಡುತ್ತಿದೆ. ರಾಜ್ಯಗಳಿಗೆ ಅಂಥ ಮೀಸಲು ಕೊಡುವ ಅಧಿಕಾರವಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮ್ಮಲ್ಲಿ ಖಾಯಂ ನೇಮಕಾತಿಯ ಅಧಿಸೂಚನೆಗೂ ಆದೇಶ ಪತ್ರಕ್ಕೂ ನಡುವೆ ವರ್ಷಗಳು ಉರುಳುತ್ತವೆ, ಅಷ್ಟರಲ್ಲಿ ಅಭ್ಯರ್ಥಿ ಹೈದರಾಬಾದಿನ ಖಾಸಗಿ ಆಸ್ಪತ್ರೆ ಸೇರಿರುತ್ತಾರೆ. ಆ ನಡುವಿನ ಕಾಲವನ್ನು ಗುತ್ತಿಗೆ, ಹೊರಗುತ್ತಿಗೆಯವರಿಂದ ತುಂಬುತ್ತೇವೆ. ಒಂದೇ ವಾರ್ಡಿನಲ್ಲಿ ಒಂದೇ ಕೆಲಸ ಮಾಡುವ ಇಬ್ಬರು ಶುಶ್ರೂಷಕಿಯರಲ್ಲಿ ಒಬ್ಬರ ಸಂಬಳ ಇನ್ನೊಬ್ಬರದಕ್ಕಿಂತ ಎಷ್ಟೋ ಪಾಲು ಕಡಿಮೆ. ಪಳಗಿದ ಕೈ ಬಿಟ್ಟು ಹೋಗುತ್ತದೆ, ಹೊಸ ಕೈ ಮತ್ತೆ ಮೊದಲಿನಿಂದ ಕಲಿಯುತ್ತದೆ.

ನಮ್ಮ ಭಾಗಕ್ಕೆ ಹಣವೇ ಇಲ್ಲ ಎನ್ನುವಂತಿಲ್ಲ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ 2002ರ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಪ್ರಾದೇಶಿಕ ಅಭಿವೃದ್ಧಿ ಮಂಡಳಿ ಬಂತು, ಈಚಿನ ಬಜೆಟ್‌ಗಳಲ್ಲಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ 371 ಹಾಸಿಗೆಗಳ ಕಟ್ಟಡ ಎದ್ದಿತು. ಯಾದಗಿರಿಗೇ ವೈದ್ಯಕೀಯ ಕಾಲೇಜು ಬಂತು. ಇದಕ್ಕೆಲ್ಲ ನಾವು ಋಣಿಗಳು. ಆದರೆ ಕಟ್ಟಡಕ್ಕೆ ಶಂಕುಸ್ಥಾಪನೆ ಇದೆ, ಫಲಕ ಇದೆ, ಉದ್ಘಾಟನೆ ಇದೆ. ರಾತ್ರಿ ಪಾಳಿಗೆ ಎರಡನೇ ಶುಶ್ರೂಷಕಿಯನ್ನು ನೇಮಿಸಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ಅದಕ್ಕೇ ಹಣ ಗೋಡೆಗಳಿಗೆ ಹೋದಷ್ಟು ಸುಲಭವಾಗಿ ಮನುಷ್ಯರಿಗೆ ಹೋಗುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇವು. ಜಿಲ್ಲೆಯ ಪ್ರತಿ ಹೆರಿಗೆ ಕೇಂದ್ರದಲ್ಲಿ ಪ್ರತಿ ಪಾಳಿಯಲ್ಲಿ ಯಾರು ಕರ್ತವ್ಯದಲ್ಲಿದ್ದರು ಎಂಬುದನ್ನು ಪ್ರತಿ ತಿಂಗಳು ಪ್ರಕಟಿಸಿ. ಹುದ್ದೆಗಳ ಪಟ್ಟಿಯ ಜೊತೆಗೆ, ಎಷ್ಟು ರಾತ್ರಿ ಸಿಸೇರಿಯನ್ ಸಾಧ್ಯವಿತ್ತು, ಎಷ್ಟು ರಾತ್ರಿ ಇರಲಿಲ್ಲ ಎಂಬ ಲೆಕ್ಕವನ್ನು ಸದನದ ಮುಂದಿಡಿ. ಮುಂದಿನ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಪ್ರಸೂತಿ, ಅರಿವಳಿಕೆ, ಮಕ್ಕಳ ತಜ್ಞರ ಹುದ್ದೆಗಳನ್ನು ಬಿಡಿಬಿಡಿಯಾಗಿ ತೋರಿಸದೆ ತಂಡವಾಗಿ ತುಂಬಿ. ವೈದ್ಯಾಧಿಕಾರಿಗಳು ಮತ್ತು ಇತರ ಸಿಬ್ಬಂದಿಯ ವರ್ಗಾವಣೆಗೆಂದೇ ರಾಜ್ಯದಲ್ಲಿ 2011ರ ಕಾಯ್ದೆ ಇದೆ, ಅದನ್ನು ಶಿಫಾರಸು ಪತ್ರಗಳು ಮೀರದಂತೆ ನೋಡಿಕೊಳ್ಳಿ. ಹೆರಿಗೆ ನಡೆಯುವ ಕೇಂದ್ರಗಳಿಗೆ ಐವರು ಶುಶ್ರೂಷಕಿಯರನ್ನು ಮಂಜೂರು ಮಾಡಿ. ಅಷ್ಟು ಜನರನ್ನು ಕೊಡಲಾಗದಿದ್ದರೆ, ಹೆರಿಗೆ ತೀರಾ ಕಡಿಮೆ ಇರುವ ಕೇಂದ್ರಗಳ ಸಿಬ್ಬಂದಿಯನ್ನು ಹೆಚ್ಚಿರುವ ಕಡೆಗೆ ಸೇರಿಸಿ, ಬಿಟ್ಟುಹೋದ ಊರುಗಳಿಗೆ ಆಂಬುಲೆನ್ಸ್ ಖಾತರಿಪಡಿಸಿ. ನಿಯೋಜನೆಗಳನ್ನು ಒಂದು ದಿನಾಂಕ ಗೊತ್ತುಮಾಡಿ ರದ್ದುಗೊಳಿಸಿ.

ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಹಂತದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮವಿದೆ. ಅವರಲ್ಲಿ ನಮ್ಮ ತಾಲೂಕು ಆಸ್ಪತ್ರೆಗಳಿಗೂ ಪಾಲು ಸಿಗುವಂತೆ ವೈದ್ಯಕೀಯ ಶಿಕ್ಷಣ ಸಚಿವರೊಂದಿಗೆ ಕುಳಿತು ಮಾತನಾಡಿ. ಎರಡು ಇಲಾಖೆಗಳ ನಡುವಿನ ಗೋಡೆ ನಮ್ಮ ಗರ್ಭಿಣಿಯರಿಗೆ ಅಡ್ಡ ಬರಬಾರದು.

ಸ್ಥಳೀಯರನ್ನು ಬೆಳೆಸಿ. 371(ಜೆ) ಅಡಿಯಲ್ಲಿ ಎ ಮತ್ತು ಬಿ ವೃಂದಗಳಲ್ಲಿ ಶೇ 75, ಸಿ ವೃಂದದಲ್ಲಿ ಶೇ 80, ಡಿ ವೃಂದದಲ್ಲಿ ಶೇ 85 ಹುದ್ದೆಗಳು ಈ ಭಾಗದವರಿಗೆ ಮೀಸಲು. ಮೀಸಲಿಟ್ಟ ಹುದ್ದೆಗೆ ಅರ್ಹರು ಬೇಕಲ್ಲ. ತಾಂಡಾ, ದೊಡ್ಡಿಗಳ ಹೆಣ್ಣುಮಕ್ಕಳಿಗೆ ಮಂಡಳಿಯ ಹಣದಿಂದ ನರ್ಸಿಂಗ್ ಓದಿಸಿ, ಓದಿದ ಮೇಲೆ ಅವರದೇ ತಾಲೂಕಿನಲ್ಲಿ ಖಾಯಂ ನೌಕರಿ ಕೊಡಿ. ಅವರು ವರ್ಗಾವಣೆ ಕೇಳುವುದಿಲ್ಲ, ಅವರಿಗೆ ದುಭಾಷಿಯೂ ಬೇಕಿಲ್ಲ. ಹೊರಗಿನಿಂದ ಬರುವ ವೈದ್ಯರಿಗೆ ನೀರು ಬರುವ, ಬಾಗಿಲು ಭದ್ರವಾಗಿರುವ ವಸತಿಗೃಹ ಕೊಡಿ. ರಾತ್ರಿ ಕರ್ತವ್ಯದ ಹೆಣ್ಣುಮಕ್ಕಳಿಗೆ ಕಾವಲುಗಾರರನ್ನು ಕೊಡಿ. ಮಂಡಳಿಯ ಅನುದಾನದಲ್ಲಿ ಯಾವುದೇ ಹೊಸ ಆಸ್ಪತ್ರೆ ಕಟ್ಟಡಕ್ಕೆ ಒಪ್ಪಿಗೆ ಕೊಡುವ ಮೊದಲು ಅದನ್ನು ನಡೆಸುವ ಸಿಬ್ಬಂದಿಯ ಮಂಜೂರಾತಿ ಆದೇಶವನ್ನು ಕಡತಕ್ಕೆ ಲಗತ್ತಿಸುವುದು ಕಡ್ಡಾಯವಾಗಲಿ.

ಇವುಗಳಲ್ಲಿ ಕೆಲವಕ್ಕೆ ವರ್ಷಗಳು ಹಿಡಿಯುತ್ತವೆ ಎಂದು ಬಲ್ಲೆ. ಆದರೆ ಪಾಳಿಯ ಲೆಕ್ಕ ಪ್ರಕಟಿಸುವುದಕ್ಕೆ, ತಜ್ಞರನ್ನು ಒಟ್ಟುಗೂಡಿಸುವುದಕ್ಕೆ, ನಿಯೋಜನೆ ರದ್ದು ಮಾಡುವುದಕ್ಕೆ ಹೊಸ ಹಣವೂ ಬೇಡ, ಹೊಸ ಕಾನೂನೂ ಬೇಡ. ತಮ್ಮ ಒಂದು ಸಹಿ ಸಾಕು. ಈ ಮೂರರ ಬಗ್ಗೆ ತಮ್ಮ ಇಲಾಖೆಯ ನಿಲುವನ್ನು ಮುಂದಿನ ವರ್ಗಾವಣೆ ಕೌನ್ಸೆಲಿಂಗ್ ಆರಂಭವಾಗುವ ಮೊದಲು ಜಿಲ್ಲೆಯ ಜನರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ. ಈ ಪತ್ರದ ಪ್ರತಿಯನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ, ಜಿಲ್ಲೆಯ ಎಲ್ಲ ಶಾಸಕರಿಗೆ ಹಾಗೂ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಕಳುಹಿಸುತ್ತಿದ್ದೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ,
ಸುರಪುರ ತಾಲೂಕು, ಯಾದಗಿರಿ ಜಿಲ್ಲೆ